ಭೀಮವ್ವನ ಮಾತಿಗೆ ಪುಟ ಸಂಖ್ಯೆ

“ಪುಟ ಸಂಖ್ಯೆ ಬೇಕಂತ? ನನ್ನ ಮಾತಿಗಾ?”

ಭೀಮವ್ವ ನಕ್ಕ ರಭಸಕ್ಕೆ ಮಡಿಲಲ್ಲಿದ್ದ ಕುರಿಮರಿ ಜಿಗಿದು ಓಡಿತು.

“ಹೌದ್ರಿ ಆಯಿ. ಕಾಲೇಜಿನ ಕಾನೂನು ಪತ್ರಿಕಿ ನಾವು ಓದೋ ಹುಡುಗೂರೇ ತಿದ್ದತೀವಿ. ಯಾವ ಮಾತು ಎಲ್ಲಿಂದ ಬಂತು ಅಂತ ಕೆಳಗ ಬರೀಲೇಬೇಕು,” ಎಂದಳು ಕಾನೂನು ಓದುತ್ತಿದ್ದ ದೋರನಹಳ್ಳಿಯ ಅನುರಾಧಾ.

“ಅಕಿ ಬಾಯಿಗಿ ಪುಟ ಎಲ್ಲಿಂದ ಹುಡುಕ್ತಿ ತಂಗಿ? ನಲವತ್ತು ವರ್ಷ ಆತು, ನನಗ ಕೊನಿ ಪುಟ ಸಿಕ್ಕಿಲ್ಲ!” ಎಂದ ಭೀಮವ್ವನ ಗಂಡ ಮಲ್ಕಪ್ಪ.

ಕೊಂಕಲ್‌ನ ಭೀಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾಲ್ಕು ಮನೆಯ ಕುರಿಗಳು ಒಂದೇ ಹಿಂಡಾಗಿ ಮೇಯುವಲ್ಲಿ ಬೆಳೆದವಳು. ಅಲ್ಲೊಂದು ಕಟ್ಟಳೆ: ಯಾರದೇ ಕುರಿಯನ್ನು ಹಿಂಡಿನಿಂದ ಹೊರಗೆ ಹಾಕಿದರೆ ಎಲ್ಲರೆದುರು ಕಾರಣ ಹೇಳಬೇಕು. ಕುಂಟೋ, ಕಜ್ಜಿಯೋ, ಕೆಮ್ಮೋ, ಸುಮ್ಮನೆ ತಳ್ಳುವಂತಿಲ್ಲ.

ಸೂರಿರುವ ಕುರಿದೊಡ್ಡಿ ಬೇಕೆಂದು ಅವಳು ಕೊಟ್ಟ ಅರ್ಜಿಯನ್ನು ಮಾತ್ರ ಸರಕಾರಿ ಕಚೇರಿ ಸುಮ್ಮನೆ ತಳ್ಳಿತ್ತು. ಚೀಟಿಯಲ್ಲಿ ಒಂದೇ ಪದ: ತಿರಸ್ಕರಿಸಲಾಗಿದೆ. ಹಿಂದಿನ ಮಳೆಗಾಲದಲ್ಲಿ ಹನ್ನೊಂದು ಮರಿ ಬಯಲಲ್ಲೇ ನೆನೆದು ಸತ್ತಿದ್ದವು. ಈ ಸಲವೂ ದೊಡ್ಡಿಯಿಲ್ಲದಿದ್ದರೆ ಹಿಂಡು ಉಳಿಯುತ್ತಿರಲಿಲ್ಲ. ಕಾನೂನು ನೆರವಿನ ಶಿಬಿರಕ್ಕೆ ಊರಿಗೆ ಬಂದ ಅನುರಾಧಾಳ ಮುಂದೆ ಭೀಮವ್ವ ಆ ಚೀಟಿ ಹಿಡಿದು ಕೇಳಿದ್ದಳು: “ಕುರಿ ಹೊರಗ ಹಾಕಿದ್ರ ಕಾರಣ ಹೇಳ್ತೀವಿ. ಮನಷ್ಯಾರ್ನ ಹೊರಗ ಹಾಕಿದ್ರ ಬ್ಯಾಡೇನು?”

ಹುಡುಗಿ ಕೂತಲ್ಲಿಂದ ಎದ್ದೇಬಿಟ್ಟಿದ್ದಳು. “ಆಯಿ! ಕಾರಣ ಇಲ್ಲದ ಆದೇಶ ನಿಲ್ಲಂಗಿಲ್ಲ ಅಂತ ಕೋರ್ಟಿನವ್ರು ಈಗೀಗ ಒತ್ತಿ ಒತ್ತಿ ಹೇಳಾಕತ್ತಾರ. ನಾ ಮೂರು ತಿಂಗಳಿಂದ ಬರಿಯಾಕತ್ತಿದ್ದು ನೀವು ಒಂದೇ ಉಸಿರಿನ್ಯಾಗ ಅಂದ್ರಿ!”

ಭೀಮವ್ವನ ಆ ಮಾತೇ ಕಾಲೇಜು ಪತ್ರಿಕೆಗೆ ಅನುರಾಧಾ ಬರೆಯುತ್ತಿದ್ದ ಲೇಖನದ ಮೊದಲ ಸಾಲಾಯಿತು. ಇಬ್ಬರೂ ಸೇರಿ ಮೇಲ್ಮನವಿ ಹಾಕಿದರು. ಯಾದಗಿರಿಯ ವಿಚಾರಣೆಯಲ್ಲಿ ಭೀಮವ್ವ ಸಾಹೇಬರ ಎದುರು ನಿಂತು ಅದನ್ನೇ ಮತ್ತೆ ಕೇಳಿದಳು.

ಇವತ್ತು ಅನುರಾಧಾ ತಂದದ್ದು ಪುಟ ಸಂಖ್ಯೆಯ ಪ್ರಶ್ನೆಯನ್ನಷ್ಟೇ ಅಲ್ಲ, ಆದೇಶವನ್ನೂ. ಹಳೆಯ ಚೀಟಿ ರದ್ದು, ದೊಡ್ಡಿ ಮಂಜೂರು, ಕಾರಣಗಳೇ ಒಂದೂವರೆ ಪುಟ!

ಭೀಮವ್ವ ಸಾಲುಗಳ ಮೇಲೆ ಬೆರಳಾಡಿಸಿದಳು. “ಮೊದಲ ಒಂದ ಪದ ಇತ್ತು. ಈಗ ನೋಡು, ಹಿಂಡಿಗಿ ಹಿಂಡೇ ಬಂದಾವ!”

“ಹಂಗಾರ ಲೇಖನದ ಕೆಳಗ ಏನಂತ ಬರೀಲ್ರಿ?”

“ಭೀಮವ್ವ, ಕೊಂಕಲ್, ಕುರಿ ಕಾಯಾಕಿ ಅಂತ ಬರಿ. ಅನುಮಾನ ಇದ್ದವ್ರು ಬಂದು ಕೇಳ್ಲಿ.”

“ಬರೋ ಬುಧವಾರ ಕಚೇರಿಯವ್ರು ದೊಡ್ಡಿ ಜಾಗಾ ಅಳಿಯಾಕ ಬರ್ತಾರ್ರಿ. ಅವತ್ತ ಪತ್ರಿಕಿ ತಗೊಂಡು ನಾನೂ ಬರ್ತೀನಿ.”

“ಆ ತಿದ್ದೋ ಹುಡುಗೂರ್ನೂ ಕರಕೊಂಡು ಬಾ, ರೊಟ್ಟಿ ಬಡೀತೀನಿ,” ಎಂದಳು ಭೀಮವ್ವ. “ಬರದಿದ್ರ ಮಾತ್ರ ಕಾರಣ ಹೇಳಬೇಕು!”