ಭಾವಾರು ಬಂದರೆ ಏಳುವ ಮೊಣಕಾಲು

ನಿನ್ನೆ ಸಂಜೆ ತಾಳಿಕೋಟೆಯ ನಮ್ಮ ಮನೆಯ ಪಡಸಾಲೆಗೆ ನಾನು ಕಾಲಿಟ್ಟದ್ದೇ ತಡ, ಕಟಕ್ ಎಂದು ಸದ್ದಾಯಿತು. ನನ್ನದೇ ಮೊಣಕಾಲು ಅಂದುಕೊಂಡೆ. ಈ ವಯಸ್ಸಿನಲ್ಲಿ ಮನೆಯ ಇಂಥ ಸದ್ದುಗಳಿಗೆಲ್ಲ ನಾನೇ ವಾರಸುದಾರ. ಆದರೆ ಸದ್ದು ಬಂದದ್ದು ನನ್ನ ತಮ್ಮನ ಹೆಂಡತಿ ಸಾವಿತ್ರಿಯ ಮೊಣಕಾಲಿನಿಂದ. ಕುರ್ಚಿಯ ಮೇಲೆ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದವಳು ನನ್ನನ್ನು ಕಂಡು ದಡಕ್ಕನೆ ಎದ್ದು, ಸೆರಗು ಸರಿಮಾಡಿಕೊಂಡು, ಕೆಳಗಿನ ಚಾಪೆಗೆ ಇಳಿದು ಕೂತಿದ್ದಳು.

"ಕಾಲು ನೋಯ್ತಾವೇನವಾ?" ಎಂದೆ.

"ಹೂಂನ್ರಿ ಭಾವಾರ, ಒಂದಿಷ್ಟು. ಯಾಕೋ ಏನೋ."

ಯಾಕೋ ಏನೋ ಅಂತೆ! ಆ ಯಾಕೋ ಏನೋ ಅವಳ ಎದುರಿಗೇ ಚಪ್ಪಲಿ ಬಿಚ್ಚುತ್ತ ನಿಂತಿತ್ತು. ನನಗೆ ತಟ್ಟನೆ ತಾಂಬಾದ ಶಾಂತವ್ವತ್ತಿ ನೆನಪಾದಳು, ಅವಳ ಕುರ್ಚಿ ನೆನಪಾಯಿತು, ಮೈಯೆಲ್ಲ ಹುರುಪಾಗಿಬಿಟ್ಟಿತು. ನೀವೂ ಸ್ವಲ್ಪ ಕೂತು ಕೇಳಿ. ಕಾಲು ಮಡಚಿ ಮಾತ್ರ ಕೂಡಬೇಡಿ, ಚಾಚಿಕೊಂಡೇ ಕೇಳಿ.

ಶಾಂತವ್ವತ್ತಿ ನನ್ನ ತಂದೆಯ ತಂಗಿ. ನನಗೆ ಇಂಡಿಯಲ್ಲಿ ಶಾಲಾ ಮಾಸ್ತರಿಕೆ ಸಿಕ್ಕ ಹೊಸದರಲ್ಲಿ ಅವಳ ಮನೆಯಲ್ಲೇ ಉಳಿದು, ದಿನಾ ಬಸ್ಸಿಗೆ ಹೋಗಿಬಂದು ಮಾಡುತ್ತಿದ್ದೆ. ಇಂಡಿಗೆ ಹತ್ತಿರವಾಗಲಿ ಅಂತ ಅಲ್ಲಿದ್ದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಅವಳ ರೊಟ್ಟಿಗೆ ಹತ್ತಿರವಾಗಲಿ ಅಂತ. ಅವಳು ರೊಟ್ಟಿ ಬಡಿಯಲು ಕೂತರೆ ಆ ಸಪ್ಪಳ ಓಣಿಯ ತುದಿಗೆ ಕೇಳಬೇಕು. ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಎದೆಗೆ ಹಚ್ಚಿ, ಒಲೆಯ ಮುಂದೆ ಕೂತಳೆಂದರೆ ಬುಟ್ಟಿ ತುಂಬುವ ತನಕ ಏಳುತ್ತಿರಲಿಲ್ಲ. ಬಿಸಿ ರೊಟ್ಟಿ ಹಂಚಿನ ಮೇಲೆ ಉಬ್ಬಿದ ಕೂಡಲೇ ನಾನು ತಾಟು ಹಿಡಿದು ಹಾಜರು.

ಆ ಮೊಣಕಾಲೇ ಕೈಕೊಟ್ಟಿತು. ಮೊದಲು ಏಳುವಾಗ ನೋವು, ಆಮೇಲೆ ಮೆಟ್ಟಿಲಿಳಿಯುವಾಗ, ಕಡೆಕಡೆಗೆ ಸುಮ್ಮನೆ ಮಲಗಿದ್ದಾಗಲೂ ನೋವು. ಅದೂ ಎಂಥ ಹೊತ್ತಿನಲ್ಲಿ? ಅವಳ ಒಬ್ಬಳೇ ಮಗಳು ಮಾದೇವಿ, ಮಸೂತಿಗೆ ಕೊಟ್ಟವಳು, ಎಷ್ಟೋ ವರ್ಷ ಕಾದ ಮೇಲೆ ಬಸುರಾಗಿದ್ದಳು. ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನಿಂದ ಬುತ್ತಿ ಹೋಗಬೇಕು. ಸಜ್ಜೆ ರೊಟ್ಟಿ, ಕಡಕ್ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಎಲ್ಲ ತನ್ನ ಕೈಯಿಂದಲೇ ಆಗಬೇಕು, ತಾನೇ ಹೊತ್ತು ಬೀಗರ ಮೆಟ್ಟಿಲು ಹತ್ತಬೇಕು. ಇದು ಅತ್ತಿಯ ಹಟ. "ಅಕಿ ಬಯಕಿ ಊಟ ಅಂಗಡಿ ರೊಟ್ಟಿಲೇ ಆಗಬೇಕೇನು? ನಾ ಇನ್ನೂ ಸತ್ತಿಲ್ಲ" ಎಂದು ಎಲ್ಲರ ಬಾಯಿ ಮುಚ್ಚಿಸಿದ್ದಳು.

ಸಿಂದಗಿಯ ಎಲುಬಿನ ಡಾಕ್ಟರಲ್ಲಿಗೆ ಅತ್ತಿಯ ಗಂಡ, ಅಂದರೆ ನನ್ನ ಮಾವ, ಮತ್ತು ನಾನು ಕರೆದುಕೊಂಡು ಹೋದೆವು. ಅವರು ಸಾವಧಾನದ ಮನುಷ್ಯ. ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು, ಕುಕ್ಕರಗಾಲಿನಲ್ಲಿ ಬಟ್ಟೆ ಒಗೆಯುವುದು, ಈಳಿಗೆಯ ಮುಂದೆ ಗಂಟೆಗಟ್ಟಲೆ ಕೂಡುವುದು, ಪಾಯಖಾನೆಯಲ್ಲಿ ಕೂಡುವುದು, ಇವೆಲ್ಲ ಸವೆದ ಕೀಲನ್ನು ಇನ್ನಷ್ಟು ಕೆಣಕುತ್ತವೆ ಎಂದರು. ಹಾಗಂತ ಹಾಸಿಗೆ ಹಿಡಿಯಲೂ ಬೇಡಿ, ದಿನಾ ಸಮನೆಲದಲ್ಲಿ ಒಂದಿಷ್ಟು ನಡೆಯಿರಿ, ಮೈತೂಕ ಸ್ವಲ್ಪ ಇಳಿಸಿರಿ ಎಂದರು.

ನಾವು ಮನೆಗೆ ಬಂದದ್ದೇ ಪೊಲೀಸರಾದೆವು. ಮಾವ ಬಡಿಗನನ್ನು ಕರೆಸಿ ಹಳೆಯ ಕುರ್ಚಿಯೊಂದಕ್ಕೆ ನಟ್ಟನಡುವೆ ತೂತು ಕೊರೆಸಿ ಪಾಯಖಾನೆಯಲ್ಲಿ ಇಡಿಸಿದ. ಅತ್ತಿ ಅದನ್ನು "ದರಬಾರ" ಎಂದು ಕರೆದಳು. ಒಲೆಗೆ ಎತ್ತರದ ಕಟ್ಟೆ ಕಟ್ಟಿಸಿದೆವು. ನಿಂತು ಬಡಿದ ಮೊದಲ ರೊಟ್ಟಿಗಳು ಹರಿದು ಚೂರಾದವು. "ನಿಂತ್ರ ಕೈಗೆ ಭಾರ ಬರಂಗಿಲ್ಲೋ" ಎಂದು ಗೊಣಗಿದಳು. ಕಟ್ಟೆಯನ್ನು ಕೆಡವಿಸಿ ತಗ್ಗು ಮಾಡಿಸಿ, ಕಾಲು ಇಳಿಬಿಟ್ಟು ಸ್ಟೂಲಿನ ಮೇಲೆ ಕೂಡಿಸಿದೆವು. ಅದು ಕೂಡಿಬಂತು. ರೊಟ್ಟಿ ಮತ್ತೆ ದುಂಡಗಾಯಿತು, ಸಪ್ಪಳ ಮತ್ತೆ ಓಣಿಗೆ ಕೇಳಿತು. ಉಳಿದ ಹೊತ್ತಿಗೆ ಅಂತ ಪಡಸಾಲೆಯಲ್ಲಿ ಅವಳಿಗೊಂದು ಕೈಯಿರುವ ಕುರ್ಚಿ ಹಾಕಿಸಿದೆವು. ನಾನಂತೂ ಡಾಕ್ಟರಿಗಿಂತ ದೊಡ್ಡ ಡಾಕ್ಟರಾಗಿ ಸಂಜೆ ಅವಳನ್ನು ಹಿತ್ತಲಲ್ಲಿ ನಡೆಸುತ್ತಿದ್ದೆ.

ಆದರೂ ನೋವು ಇಳಿಯಲೊಲ್ಲದು. ಬಾವು ಹಾಗೇ. ಓಣಿಯ ಹೆಂಗಸರು ಬದನೆಕಾಯಿ ವಾಯು ಎಂದರು, ಅದನ್ನು ಬಿಡಿಸಿದೆವು. ಆಲೂಗಡ್ಡೆ ಎಂದರು, ಅದನ್ನೂ ಬಿಡಿಸಿದೆವು. ಪಾಪ, ಎಣ್ಣೆಗಾಯಿ ಇಲ್ಲದೆ ನಾನು ಸೊರಗಿದ್ದೇ ಬಂತು. ಎರಡನೇ ಸಲ ಸಿಂದಗಿಗೆ ಹೋದಾಗ ಡಾಕ್ಟರು ನೇರ ಕೇಳಿದರು, "ಅವ್ವಾರ, ಇನ್ನೂ ಕೆಳಗ ಕೂಡ್ತೀರೇನು?" ಅತ್ತಿ ಕಣ್ಣಲ್ಲಿ ಕಣ್ಣಿಟ್ಟು "ಇಲ್ರಿ" ಎಂದಳು. ನಾವೂ ಇಲ್ಲ ಎಂದೆವು. ಕುಬಸ ಹತ್ತಿರ ಬರುತ್ತಿತ್ತು. ಹೀಗೇ ಆದರೆ ತಾನು ಮಸೂತಿಗೆ ಹೋದಹಾಗೆಯೇ ಎಂದು ಅತ್ತಿ ಬಸ್ಸಿನಲ್ಲಿ ಕಣ್ಣೀರು ಹಾಕಿದಳು.

ಒಂದು ಭಾನುವಾರ. ಪಡಸಾಲೆಯಲ್ಲಿ ಕೂತು ಪರೀಕ್ಷೆ ಪೇಪರು ತಿದ್ದುತ್ತಿದ್ದೆ. ಅತ್ತಿ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮಾವನ ಅಣ್ಣ ಬಸಲಿಂಗಪ್ಪ, ನಾನು ದೊಡ್ಡಮಾವ ಎನ್ನುತ್ತಿದ್ದವರು, ಅದೇ ಮನೆಯಲ್ಲಿದ್ದರು. ದಿನವೆಲ್ಲ ಹೊರಗಿನ ಕಟ್ಟೆಯ ಮೇಲೆ ವಾಸ. ಅವರು ಕಣ್ಣಿಗೆ ಹಾಕುವ ಚಾಳೀಸಿಗೆಂದು ಒಳಗೆ ಬಂದರು. ಅತ್ತಿ ದಡಕ್ಕನೆ ಕುರ್ಚಿ ಬಿಟ್ಟು, ಸೆರಗು ಎಳೆದುಕೊಂಡು, ಬಾಗಿಲ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಅವರು ಹೊರಗೆ ಹೋದ ಮೇಲೆ ಬಾಗಿಲ ಚೌಕಟ್ಟು ಹಿಡಿದು ಹಲ್ಲು ಕಚ್ಚಿ ಎದ್ದಳು. ಸ್ವಲ್ಪ ಹೊತ್ತಿಗೆ ಅವರು ನೀರಿಗೆ ಬಂದರು. ಅತ್ತಿ ಮತ್ತೆ ಕೆಳಗೆ. ಸುಣ್ಣದ ಡಬ್ಬಿಗೆ ಬಂದರು. ಮತ್ತೆ ಕೆಳಗೆ. ಪಂಚಾಂಗ ನೋಡಲು ಬಂದರು, ನೋಡದೆ ಹೋದರು. ಮತ್ತೆ ಕೆಳಗೆ. ನನ್ನ ಕೈಯ ಕೆಂಪು ಪೆನ್ನು ಹಾಗೇ ನಿಂತಿತು. ಇಷ್ಟು ದಿನ ಇದೇ ಮನೆಯಲ್ಲಿ ಕಣ್ಣು ಬಿಟ್ಟುಕೊಂಡು ಓಡಾಡಿದ್ದೆನಲ್ಲ ಮಾರಾಯರೇ!

"ಅತ್ತಿ, ಡಾಕ್ಟರ್ ಮುಂದ ಕೆಳಗ ಕೂಡಂಗಿಲ್ಲ ಅಂದಿ?"

"ಎಲ್ಲೆ ಕೂಡ್ತೇನೋ?"

"ಈಗ ಕೂತಿದ್ದಿ ಅಲ್ಲ?"

ಅವಳು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. "ಅದು ಕೂಡೂದಲ್ಲೋ, ಅದು ಮರ್ಯಾದಿ. ಭಾವಾರ ಮುಂದ ಕುರ್ಚಿ ಮ್ಯಾಗ ಕೂಡ್ಲೇನು?"

ಮಾವನನ್ನು ಕೇಳಿದರೆ ಅವನದೂ ಅದೇ ಮಾತು. ಅವಳು ಸುಳ್ಳು ಹೇಳಿರಲಿಲ್ಲ ನೋಡಿ. ಸೊಸೆಯಾಗಿ ಬಂದ ದಿನದಿಂದ ಮಾಡಿದ್ದನ್ನು ಅವಳು ಕೂಡುವುದು ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ನೇರ ಕಟ್ಟೆಗೆ ಹೋಗಿ ದೊಡ್ಡಮಾವನಿಗೆ ಹೇಳಿಯೇಬಿಟ್ಟೆ. ಊರಿನ ಜಗಳ ಬಿಡಿಸುವ ಮನುಷ್ಯ, ದನಿ ಎತ್ತಿದರೆ ಬೀದಿಯ ನಾಯಿಯೂ ಬಾಲ ಮುದುಡಬೇಕು. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಎದ್ದು ಹೊಸ್ತಿಲಿಗೆ ಬಂದು ಕೆಮ್ಮಿದರು. ಅಷ್ಟು ವರ್ಷಗಳಲ್ಲಿ ತಮ್ಮನ ಹೆಂಡತಿಯ ಜೊತೆ ಅವರು ನೇರ ಮಾತಾಡಿದವರಲ್ಲ, "ಒಳಗ ಹೇಳ್ರಿ, ನೀರು ಬೇಕಂತ" ಎಂದು ಗೋಡೆಗೆ ಹೇಳುತ್ತಿದ್ದರು. ಅವತ್ತು ಹೇಳಿದರು:

"ಶಾಂತವ್ವಾ, ಇನ್ನ ಮ್ಯಾಲ ನಾ ಬಂದ್ರ ಏಳಬ್ಯಾಡ."

ಅತ್ತಿ ದಡಕ್ಕನೆ ಎದ್ದು, ಬಾಗಿಲ ಮರೆಗೆ ಕುಕ್ಕರಿಸಿ ಕೂತು, ಆ ಅಪ್ಪಣೆಯನ್ನು ವಿನಯದಿಂದ ಕೇಳಿಸಿಕೊಂಡಳು.

ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ದೊಡ್ಡಮಾವ ನಗಲಿಲ್ಲ. ಮರುದಿನ ಬೆಳಗ್ಗೆ ನೋಡುತ್ತೇನೆ, ಅವರ ನೀರಿನ ತಂಬಿಗೆ, ಚಾಳೀಸು, ಸುಣ್ಣದ ಡಬ್ಬಿ, ಪಂಚಾಂಗ, ಹಾಸಿಗೆ ಎಲ್ಲ ಕಟ್ಟೆಗೆ ಬಂದಿದೆ. ಊಟವೂ ಅಲ್ಲೇ. ಒಳಗೆ ಬರುವುದನ್ನೇ ಬಿಟ್ಟರು. ಓಣಿಯವರು ಅಣ್ಣತಮ್ಮಂದಿರು ಬೇರೆಯಾದರೇನು ಎಂದು ಕೇಳತೊಡಗಿದರು. ಅತ್ತಿಯ ಕಾಲಿಗೆ ಆರಾಮ ಸಿಕ್ಕಿತು, ಬಾವು ನಿಧಾನಕ್ಕೆ ಇಳಿಯಿತು. ಆದರೆ ಮುಖ ಬಾಡಿತು. ರೊಟ್ಟಿಯ ಸಪ್ಪಳದಲ್ಲೂ ಜೀವವಿಲ್ಲ.

ಒಂದು ಮುಂಜಾನೆ ಚಳಿಗಾಳಿ ಬೀಸುತ್ತಿತ್ತು. ದೊಡ್ಡಮಾವ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೆಮ್ಮುತ್ತಿದ್ದರು. ಅತ್ತಿ ಚಹದ ಕಪ್ಪು ಹಿಡಿದು ತಾನೇ ಹೊಸ್ತಿಲು ದಾಟಿದಳು. ಸೆರಗು ತಲೆಯ ಮೇಲೆ, ಕಣ್ಣು ನೆಲದ ಮೇಲೆ.

"ಒಳಗ ಬರ್ರಿ ಭಾವಾರ," ಎಂದಳು. "ನಾ ಏಳೂದಿಲ್ಲ."

ತಿರುಗಿ ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಮಾವ, ನಾನು ಉಸಿರು ಬಿಗಿಹಿಡಿದು ನಿಂತೆವು. ದೊಡ್ಡಮಾವ ಒಳಗೆ ಬಂದರು. ಅತ್ತಿ ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದಿದ್ದಳು, ಹಿಮ್ಮಡಿ ಮೇಲೆದ್ದಿತ್ತು, ಬೆವರು ಇಳಿಯುತ್ತಿತ್ತು. ಏಳಲಿಲ್ಲ. ಅವರು ಪಂಚಾಂಗ ತೂಗುಹಾಕುತ್ತಿದ್ದ ಖಾಲಿ ಮೊಳೆಯ ಕಡೆ ನೋಡುತ್ತ ನಿಂತು, "ಹಾಂ, ಕೂಡು, ಕೂಡು" ಎಂದರು. ನನಗಂತೂ ಚಪ್ಪಾಳೆ ತಟ್ಟಬೇಕೆನಿಸಿತು.

ಕುಬಸದ ದಿನ ಬಾಗೇವಾಡಿ ದಾಟಿ ಮಸೂತಿ ತಲುಪಿದಾಗ ಅತ್ತಿ ಬುತ್ತಿಯ ಬುಟ್ಟಿಯನ್ನು ಯಾರಿಗೂ ಕೊಡಲಿಲ್ಲ. ಒಂದು ಕೈಯಿಂದ ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿದಳು. ಮೇಲೆ ನಿಂತಿದ್ದ ಮಾದೇವಿ ಅಳುತ್ತಲೇ ನಕ್ಕಳು.

ಇದನ್ನೆಲ್ಲ ನಿನ್ನೆ ಸಾವಿತ್ರಿಗೆ ಹೇಳಿದೆ. ಹೇಳಿ, ಇನ್ನು ಮೇಲೆ ನನಗಾಗಿ ಏಳಬೇಡವಾ ಎಂದೆ. ಅವಳು ಕೇಳಿ ನಕ್ಕು, "ನೀವೇನೋ ಹೇಳ್ತೀರಿ, ಕಾಲು ಕೇಳಬೇಕಲ್ರಿ" ಎಂದಳು.

ಇವತ್ತು ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಿವಿಗೊಟ್ಟೆ. ಸದ್ದಿಲ್ಲ. ಒಳಗೆ ಬಂದೆ. ಸಾವಿತ್ರಿ ಕುರ್ಚಿಯಲ್ಲೇ ಇದ್ದಳು, ಕಾಲು ಇಳಿಬಿಟ್ಟುಕೊಂಡು, ತೊಗರಿಕಾಯಿಯಿಂದ ತಲೆ ಸಹ ಎತ್ತಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಳಗೊಂದಿಷ್ಟು ಚುರುಕ್ಕೆಂದಿತು. ಮನೆಯ ಹಿರಿಯ ಬಂದಿದ್ದೇನೆ, ಯಾರೂ ಏಳಲಿಲ್ಲ.

"ಬಂದ್ರೇನ್ರಿ ಭಾವಾರ," ಎಂದಳು ಅವಳು, "ಚಹ ಒಲಿ ಮ್ಯಾಗ ಕುದ್ಯಾಕತ್ತೈತಿ. ಸೋಸ್ಕೋರಿ. ನನಗೂ ಅರ್ಧ ಕಪ್ಪು ತರ್ರಿ."

ಅಡುಗೆಮನೆಗೆ ನಡೆದೆ. ಈ ಸಲ ಕಟಕ್ ಅಂದದ್ದು ಮಾತ್ರ ನನ್ನ ಮೊಣಕಾಲೇ. ಅವಳಿಗೆ ಪೂರ್ತಿ ಕಪ್ಪೇ ತುಂಬಿದೆ.