ಚಾಕಿ ಮನೆಯ ಕಂಪ್ಯೂಟರು

ಈ ಪ್ರಸಂಗವನ್ನು ನಾನು ಹಲವು ಸಲ ಹೇಳಿದ್ದೇನೆ. ಹೇಳಿ ಹೇಳಿ ಅದಕ್ಕೊಂದು ನಯ ಬಂದುಬಿಟ್ಟಿದೆ. ಎಲ್ಲಿ ಕೇಳುವವರು ನಗುತ್ತಾರೆ, ಎಲ್ಲಿ ನಾನು ಸ್ವಲ್ಪ ಸುಮ್ಮನಿರಬೇಕು ಎಲ್ಲ ಗೊತ್ತು. ಅಷ್ಟು ಚೆನ್ನಾಗಿ ಗೊತ್ತಿರುವುದರಿಂದಲೇ ಅದರ ಮೇಲೆ ನನಗೆ ಅನುಮಾನ. ಈ ಸಲ ನಯಮಾಡದೆ ಬರೆಯಲು ನೋಡುತ್ತೇನೆ. ಆಗುತ್ತದೋ ಇಲ್ಲವೋ.

ರೇಷ್ಮೆಗೆ ಒಳ್ಳೆಯ ಕಾಲ ಅದು. ಹಿಪ್ಪುನೇರಳೆ ಹಾಕದ ಹೊಲ ಕಂಡರೆ ಏನಾಯ್ತಪ್ಪ ಇವರಿಗೆ ಎಂದು ಜನ ಕೇಳುತ್ತಿದ್ದರು. ರಾಮನಗರದಲ್ಲಿ ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನನ್ನದೊಂದು ಕೋಣೆ. ಬಾಗಿಲು ತೆರೆದರೆ ಗೂಡು ಬೇಯಿಸುವ ವಾಸನೆ. ಅಲ್ಲಿ ಕೂತು ನೂಲು ತೆಗೆಯುವ ರೀಲರುಗಳಿಗೆ, ಗೂಡಿನ ವ್ಯಾಪಾರಿಗಳಿಗೆ ಕಂಪ್ಯೂಟರಿನ ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ಪರದೆಯ ಮೇಲೆ ಖಾನೆಗಳು, ಬಟನ್ನುಗಳು, ಒತ್ತಿದರೆ ಒಂದು ಚೀಟಿ. ಅಷ್ಟೇ ವಿದ್ಯೆ.

ಅಕ್ಕನನ್ನು ಅಕ್ಕೂರಿಗೆ ಕೊಟ್ಟಿತ್ತು. ಭಾವ ಲಾರಿ ಓಡಿಸುವವನು, ಊರಲ್ಲಿ ಇರುತ್ತಿದ್ದುದೇ ಕಡಿಮೆ. ಅಕ್ಕನ ಮಾವ ಹಿತ್ತಲ ಕಡೆ ಒಂದು ಚಾಕಿ ಮನೆ ಕಟ್ಟಿಸಿದ್ದರು. ಮೊಟ್ಟೆಯೊಡೆದ ಹುಳುಗಳನ್ನು ಮಗುವಿನಂತೆ ಸಾಕಿ, ಎರಡು ಸಲ ಪೊರೆ ಬಿಡಿಸಿ ಸುತ್ತಲ ರೈತರಿಗೆ ಕೊಡುವ ಮನೆ ಅದು. ಅಕ್ಕನೇ ನಡೆಸುತ್ತಿದ್ದಳು. ಚೆನ್ನಾಗಿಯೇ ನಡೆಸುತ್ತಿದ್ದಳು. ಒಂದೇ ಒಂದು ದೂರು: ಒಳ್ಳೆಯ ಹುಳುವನ್ನು ತನ್ನ ತವರಿನ ಕಡೆಯವರಿಗೆ, ದೊಡ್ಡಮಳೂರಿನ ಆಚೆಯವರಿಗೆ, ಎತ್ತಿಟ್ಟು ಕೊಡುತ್ತಾಳೆ ಅಂತ. ನಿಜವಲ್ಲ. ಆದರೆ ಅಂಥ ಮಾತು ನಿಜವಾಗಿರಬೇಕಾದ ಅಗತ್ಯವೂ ಇರಲಿಲ್ಲ. ಮಾವ ಜಗಲಿಯಲ್ಲಿ ಕೂತು ತೀರ್ಪು ಕೊಟ್ಟರು.

"ನೋಡವ್ವ, ಈ ಬೆಳೆ ಒಂದು ನೋಡ್ತೀನಿ. ಯಾರೂ ಬಾಯಿ ಬುಡದಂಗೆ ನಡೆಸ್ಕೊಂಡು ಹೋದ್ರೆ ಚಾಕಿ ಮನೆ ನಿಂದೇ. ಇಲ್ದಿದ್ರೆ ಚಿಕ್ಕೋನು ನೋಡ್ಕೊತಾನೆ."

ಚಿಕ್ಕೋನು ಅಂದರೆ ಅಕ್ಕನ ಮೈದುನ. ಕೆಟ್ಟವನಲ್ಲ. ಇದನ್ನು ಹೇಳುವಾಗೆಲ್ಲ ಅವನನ್ನು ಸ್ವಲ್ಪ ಕೆಟ್ಟವನನ್ನಾಗಿ ಮಾಡುತ್ತಾ ಬಂದಿದ್ದೇನೆ, ಕಥೆಗೆ ಅನುಕೂಲ ಅಂತ.

ಅಕ್ಕ ನನ್ನ ಕೋಣೆಗೆ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು. "ಯಾರು ಮೊದ್ಲು ಬರೆಸಿದ್ರೋ ಅವರಿಗೆ ಹುಳದ ಮೊದ್ಲ ಟ್ರೇ. ಹಂಗೆ ಚೀಟಿ ಬರೋ ಹಂಗೆ ಮಾಡ್ಕೊಡ್ತೀಯೇನ್ಲಾ? ನಾನು ಕೊಟ್ಟಂಗೆ ಇರ್ಬಾರ್ದು, ಅದು ಕೊಟ್ಟಂಗಿರ್ಬೇಕು."

ಮಾಡಿಕೊಟ್ಟೆ. ಭಾವ ಬೆಂಗಳೂರಿಂದ ಲಾರಿಯಲ್ಲಿ ಒಂದು ಹಳೆಯ ಕಂಪ್ಯೂಟರು ತಂದ. ಮೊದಲ ದಿನವೇ ಸೇವ್ ಬಟನ್ ಮಾಯ. ನನ್ನ ಕೋಣೆಯ ದೊಡ್ಡ ಪರದೆಯಲ್ಲಿ ಜೋಡಿಸಿದ್ದದ್ದು ಅಲ್ಲಿನ ಚಿಕ್ಕ ಪರದೆಯಲ್ಲಿ ಹಿಡಿಸದೆ ಕೆಳಗಿನ ಅಂಚಿನಾಚೆ ಬಿದ್ದುಹೋಗಿತ್ತು. ಅಳತೆಗಳನ್ನು ಗಟ್ಟಿಯಾಗಿ ಬರೆಯದೆ, ಪರದೆ ಎಷ್ಟಿದೆ ಎಂದು ಮೊದಲು ಕೇಳಿ ಹಾಗೆ ಹಂಚಬೇಕು ಎಂದು ಅವತ್ತು ಕಲಿತೆ. ಕನ್ನಡ ಅಕ್ಷರಗಳೆಲ್ಲ ಇಂಗ್ಲಿಷ್ ಕಸವಾಗಿ ಕಂಡವು. ನಾನು ಬಳಸಿದ ಫಾಂಟು ಆ ಮಿಷನ್ನಿನಲ್ಲಿ ಇರಲೇ ಇಲ್ಲ. ಅಕ್ಕ ಪರದೆಯನ್ನೇ ನೋಡಿ, "ಇವರೆಲ್ಲ ಯಾವ ದೇಶದ ರೈತ್ರು ಕಣ್ಲಾ?" ಎಂದಳು. ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗುತ್ತದೆ ಎಂದು ಅವಳ ನಂಬಿಕೆ. ನಾನು ಎಂಟರ್ ಅಂದರೆ ಸೇವ್ ಎಂದು ಬರೆದಿದ್ದೆ. ಹೆಸರಿದ್ದು ಊರಿಲ್ಲದ ರೈತರು ಸಾಲಾಗಿ ಹುಟ್ಟಿಕೊಂಡರು. ಒಂದೊಂದನ್ನೇ ಸರಿಮಾಡಿದೆ. ಇವೆಲ್ಲ ಪ್ರೋಗ್ರಾಂ ಬರೆಯುವ ಯಾರಿಗಾದರೂ ಬರುವ ತೊಡಕುಗಳು, ನೆಗಡಿಯ ಹಾಗೆ. ಅವುಗಳ ಬಗ್ಗೆ ನನಗೆ ವಿಷಾದವಿಲ್ಲ.

ಉಳಿದದ್ದು ಒಂದು. ಟ್ರೇಗಳನ್ನು ಹಂಚುವ ಲೆಕ್ಕಕ್ಕೆ ಕೂತಾಗ ಪರದೆ ಬಿಳುಚಿಕೊಂಡು ನಿಂತುಬಿಡುತ್ತಿತ್ತು. ಕಾರಣ ಸರಳ. ಪರದೆ ಬಿಡಿಸುವುದು, ಮೌಸಿನ ಮಾತು ಕೇಳುವುದು, ಲೆಕ್ಕ ಮಾಡುವುದು, ಮೂರನ್ನೂ ಒಬ್ಬನೇ ಆಳು ಮಾಡುವ ಹಾಗೆ ಬರೆದಿದ್ದೆ. ಲೆಕ್ಕಕ್ಕೆ ಕೂತವನಿಗೆ ಬೇರೇನೂ ಕೇಳಿಸದು. ಲೆಕ್ಕಕ್ಕೆ ಬೇರೆ ಆಳನ್ನು ಇಡಬೇಕು, ಇಲ್ಲವೇ ನಡುನಡುವೆ ಅವನು ತಲೆಯೆತ್ತಿ ನೋಡುವ ಹಾಗೆ ಮಾಡಬೇಕು. ಮಾಡೋಣ ಅಂದುಕೊಂಡೆ. ಅಷ್ಟರಲ್ಲಿ ಒಂದು ಹೋಲಿಕೆ ಸಿಕ್ಕಿಬಿಟ್ಟಿತು.

ಹುಳು ಪೊರೆ ಬಿಡುವ ಮುಂಚೆ ಮೇಯುವುದು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ನಮ್ಮಲ್ಲಿ ಅದಕ್ಕೆ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಹಾಸಿಗೆ ಒಣಗಿರಲಿ ಅಂತ ಮೇಲೆ ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಎದ್ದ ಮೇಲೆ ಅದೇ ಸೊಪ್ಪು ಕೇಳುತ್ತದೆ. ಪರದೆ ನಿಂತಾಗ ಇದೂ ಹಾಗೇ ಎಂದು ನಮ್ಮಿಬ್ಬರಲ್ಲಿ ಒಬ್ಬರು ಹೇಳಿದ್ದು. ನಾನೋ, ಅವಳೋ? ನಾನೇ ಎಂದು ಬಹಳ ಸಲ ಹೇಳಿಕೊಂಡಿದ್ದೇನೆ, ಮೊದಲು ಹೆಮ್ಮೆಯಿಂದ, ಆಮೇಲೆ ತಪ್ಪೊಪ್ಪಿಗೆಯ ದನಿಯಲ್ಲಿ. ತಪ್ಪೊಪ್ಪಿಕೊಳ್ಳುವುದರಲ್ಲೂ ಒಂದು ಹೆಮ್ಮೆ ಇರುತ್ತದೆ ಎಂದು ಈಗ ಅನ್ನಿಸುತ್ತದೆ. ಯಾರೇ ಹೇಳಿರಲಿ, ಊರಿಗೆ ಅದು ಹಿಡಿಸಿತು. ಪರದೆ ನಿಂತರೆ ಅಕ್ಕ ಮೌಸಿನ ಮೇಲೆ ಬಟ್ಟೆ ಮುಚ್ಚಿ, "ಜ್ವರಕ್ಕೆ ಕೂತೈತೆ, ಯಾರೂ ಮುಟ್ಟಬ್ಯಾಡಿ" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅದು ಎದ್ದು ಚೀಟಿ ಕೊಡುತ್ತಿತ್ತು. ನನಗೂ ಕೆಲಸ ತಪ್ಪಿತು.

ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. ಮಧ್ಯಾಹ್ನ ಮೈದುನ ಆ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದ. ಆಡುವ ಭರದಲ್ಲಿ ಒಮ್ಮೆ ಏನನ್ನೋ ಅಳಿಸಿದ. ಅಕ್ಕನ ಮಾತಿನಂತೆ ನನ್ನ ಪ್ರೋಗ್ರಾಂ ಇಡೀ ಪರದೆಯನ್ನು ತುಂಬಿಕೊಂಡು, ಎಲ್ಲದಕ್ಕಿಂತ ಮೇಲೆಯೇ ಇರುವಂತೆ ಮಾಡಿದೆ. ಬೇರೆ ಯಾವುದೂ ಅದರ ಮುಂದೆ ಬರುವಂತಿರಲಿಲ್ಲ. ಮೈದುನ ನಕ್ಕ. "ಅತ್ಗೆ ನಮ್ ಎಲೆ ಕಿತ್ಕೊಂಡ್ಬುಟ್ರು ಕಣೋ."

ಹುಳು ಕೊಡುವ ದಿನ ಬಂತು. ಬೆಳಗಿನ ತಂಪಿನಲ್ಲೇ ಕೊಟ್ಟು ಮುಗಿಸಬೇಕು. ಬಿಸಿಲೇರಿದ ಮೇಲೆ ಎಳೆ ಹುಳುವನ್ನು ಸಾಗಿಸಬಾರದು. ನಾನು ರಾಮನಗರದಲ್ಲಿದ್ದೆ. ಅಕ್ಕೂರಿನ ಹಾಲಿನ ಡೈರಿ ಪಕ್ಕದ ಬೂತಿನಿಂದ ಅಕ್ಕ ನನ್ನ ಕೋಣೆಯ ಪಕ್ಕದ ಅಂಗಡಿಗೆ ಫೋನ್ ಮಾಡಿಸಿದಳು. ಅದು ಎದ್ದಿಲ್ಲ, ಬಾ. ತಕ್ಷಣ ಹೊರಟೆ ಎಂದೇ ನನ್ನ ನೆನಪು. ನೆನಪು ನನ್ನದೇ ಆದ್ದರಿಂದ ನನ್ನ ಪರವಾಗಿ ಸಾಕ್ಷಿ ಹೇಳುವುದು ಸಹಜ. ಚನ್ನಪಟ್ಟಣದಲ್ಲಿ ಬಸ್ಸು ಬದಲಿಸಿ ಅಕ್ಕೂರಿನಲ್ಲಿ ಇಳಿದಾಗ ಬಿಸಿಲು ಚುರುಕಾಗಿತ್ತು.

ಚಾಕಿ ಮನೆಯ ಮುಂದೆ ರೈತರು. ಸೈಕಲ್ಲು, ಒಂದು ಟೆಂಪೋ, ಟ್ರೇ ಮುಚ್ಚಲು ತಂದ ಒದ್ದೆ ಗೋಣಿತಾಟು. ಗೋಣಿತಾಟು ಆಗಲೇ ಒಣಗುತ್ತಿತ್ತು.

"ಏನವ್ವಾ, ನಿನ್ ಟೀವಿ ಇನ್ನೂ ಎದ್ದಿಲ್ವಾ?"

"ಜ್ವರ ಅಂತೆ ಕಣ್ಲಾ, ಸುಮ್ಕಿರು."

"ಹಂಗಾರೆ ಒಸಿ ಸುಣ್ಣ ಉದುರಿಸವ್ವ ಅದ್ರ ಮ್ಯಾಲೆ!"

"ಲೇ, ಅದು ಎದ್ದು ಸೊಪ್ಪು ಕೇಳೋ ಹೊತ್ಗೆ ನಮ್ ಹುಳ ಗೂಡೇ ಕಟ್ಬುಡ್ತವೆ."

ನಕ್ಕರು. ಅದು ಕೊನೆಯ ನಗು. ಆಮೇಲೆ ಒಬ್ಬ ಹಿರಿಯ ಜಗಲಿಯ ಕಡೆ ತಿರುಗಿ ಮಾವನಿಗೆ ಹೇಳಿದ. "ಗೌಡ್ರೇ, ಹುಳ ಸೊಪ್ಪಿಗೆ ತಲೆ ಎತ್ತವೆ. ಇನ್ನೆಷ್ಟೊತ್ತು?" ಮಾವ ಚಾಕಿ ಮನೆಯ ಬಾಗಿಲ ಕಡೆ ನೋಡಿದರು. ಮೈದುನ ಗೋಡೆಗೆ ಒರಗಿ ನಿಂತಿದ್ದ. ಅವನು ಏನೂ ಹೇಳಬೇಕಾದ ಅಗತ್ಯವಿರಲಿಲ್ಲ.

ಅಕ್ಕ ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಮೌಸಿನ ಮೇಲೆ ಬಟ್ಟೆ ಮುಚ್ಚಿತ್ತು. ನಾನು ಕೀಲಿಗಳನ್ನು ಒತ್ತಿ ನನ್ನ ಪ್ರೋಗ್ರಾಮನ್ನು ಕೆಳಗಿಳಿಸಿದೆ. ಅದರ ಹಿಂದೆ, ಅದುವರೆಗೂ ಯಾರಿಗೂ ಕಾಣದಂತೆ, ಒಂದು ಚಿಕ್ಕ ಚೌಕ ನಿಂತಿತ್ತು. ಈ ಹೆಸರಿನವರು ಆಗಲೇ ಇದ್ದಾರೆ, ಮುಂದುವರಿಸಲೇ? ಹೌದು, ಬೇಡ ಎಂದು ಎರಡು ಬಟನ್. ವಾಕ್ಯ ನನ್ನದೇ. ಒಂದೇ ಊರಿನ, ಒಂದೇ ಹೆಸರಿನ ಇಬ್ಬರು ಹುಳು ಬರೆಸಿದ್ದರು. ಪ್ರೋಗ್ರಾಂ ಅದನ್ನು ಗಮನಿಸಿ ಕೇಳಿತ್ತು. ಆದರೆ ಎಲ್ಲದಕ್ಕಿಂತ ಮೇಲಿರು ಎಂದು ಮುಖ್ಯ ಪರದೆಗೆ ಹೇಳಿದ್ದ ನಾನು, ಪ್ರಶ್ನೆ ಕೇಳುವ ಚೌಕಕ್ಕೆ ಅದು ಯಾವ ಪರದೆಗೆ ಸೇರಿದ್ದು ಎಂದು ಹೇಳಿರಲಿಲ್ಲ. ಹಾಗಾಗಿ ಅದು ಹಿಂದೆ ಹೋಗಿ ನಿಂತಿತ್ತು. ಮುಂದಿನ ಪರದೆ ಉತ್ತರಕ್ಕಾಗಿ ಕಾಯುತ್ತಿತ್ತು. ಯಾರಾದರೂ ಸುಮ್ಮನೆ ಎಂಟರ್ ಒತ್ತಿದ್ದರೆ ಸಾಕಿತ್ತು.

ಹೌದು ಒತ್ತಿದೆ. ಪ್ರಿಂಟರು ಕರಕರ ಎಂದು ಚೀಟಿ ಕಕ್ಕತೊಡಗಿತು.

ಅಕ್ಕ ಆ ಚೌಕ ಇದ್ದ ಜಾಗವನ್ನೇ ನೋಡುತ್ತಿದ್ದಳು. "ಅದು ನನ್ನೇ ಕೇಳ್ತಿತ್ತಾ?" ಎಂದಳು.

ಹೂಂ ಎಂದೆ.

ರೈತರು ಹುಳು ತಗೊಂಡು ಹೋದರು, ಬಿಸಿಲಿನಲ್ಲೇ. ಆ ಸಲದ ಬೆಳೆ ಕೆಲವರಿಗೆ ಏರುಪೇರಾಯಿತು. ಒಂದೇ ತಟ್ಟೆಯಲ್ಲಿ ದೊಡ್ಡ ಹುಳು, ಚಿಕ್ಕ ಹುಳು. ಅವತ್ತಿನ ಬಿಸಿಲಿನಿಂದಲೋ, ಅವರವರ ಸೊಪ್ಪಿನಿಂದಲೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಮಾವ ಕೂಗಾಡಲಿಲ್ಲ. ಊಟಕ್ಕೆ ಕೂತಾಗ, ಮುದ್ದೆ ಮುರಿಯುತ್ತಾ, "ಇನ್ನು ಚಿಕ್ಕೋನು ನೋಡ್ಕೊಳ್ಳಲಿ" ಎಂದರು. ಅಕ್ಕ ಸಾರು ಬಡಿಸುತ್ತಿದ್ದಳು. ಬಡಿಸುತ್ತಲೇ ಇದ್ದಳು. ಇದನ್ನು ನಾನು ಕಣ್ಣಾರೆ ಕಂಡೆನೋ, ಅಕ್ಕ ಹೇಳಿದ್ದನ್ನು ಕಂಡ ಹಾಗೆ ಮಾಡಿಕೊಂಡೆನೋ ಹೇಳಲಾರೆ.

ಆಮೇಲೆ ಎಲ್ಲ ಸರಿಮಾಡಿದೆ. ಪ್ರಶ್ನೆಯ ಚೌಕಕ್ಕೆ ಒಡೆಯ ಪರದೆ ಯಾವುದು ಎಂದು ಬರೆದೆ, ಲೆಕ್ಕಕ್ಕೆ ಬೇರೆ ಆಳು ಇಟ್ಟೆ, ಎಷ್ಟು ಮುಗಿಯಿತು ಎಂದು ತೋರಿಸುವ ಪಟ್ಟಿ ಹಾಕಿದೆ. ತಗೊಂಡು ಹೋದೆ. ಅಕ್ಕ ಕೂತು ನೋಡಿ, "ಚೆಂದಾಗೈತೆ ಕಣ್ಲಾ" ಎಂದಳು. ಅಷ್ಟೊತ್ತಿಗೆ ಚಾಕಿ ಮನೆಗೆ ಅವಳು ಹೋಗುತ್ತಿದ್ದದ್ದು ಸೊಪ್ಪು ತರಿಯಲು ಮಾತ್ರ. ಮೈದುನನಿಗೆ ಚೀಟಿ ಬೇಕಿರಲಿಲ್ಲ. ಅವನು ಕಣ್ಣಂದಾಜಿನಲ್ಲೇ ಕೊಡುತ್ತಿದ್ದ.

ಆಮೇಲೆ ವರ್ಷಗಟ್ಟಲೆ ಹೊಸದಾಗಿ ಕೆಲಸ ಕಲಿಯಲು ಬಂದವರಿಗೆಲ್ಲ ಇದನ್ನೇ ಹೇಳಿದೆ. ಪ್ರಶ್ನೆಯ ಚೌಕವನ್ನು ಅನಾಥವಾಗಿ ಬಿಡಬೇಡಿ, ಪರದೆಯನ್ನು ಹೆಪ್ಪುಗಟ್ಟಲು ಬಿಡಬೇಡಿ. ಕೊನೆಗೆ, ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಚೆಂದದ ಹೋಲಿಕೆಯಿಂದ ತಪ್ಪನ್ನು ಮುಚ್ಚಬೇಡಿ, ನನ್ನ ಅಕ್ಕ ಅದನ್ನು ನಂಬಿ ಮುಟ್ಟದೆ ಕೂತಳು ಎಂದು. ಇಲ್ಲಿ ಸ್ವಲ್ಪ ಸುಮ್ಮನಾಗುತ್ತಿದ್ದೆ.

ಈಚೆಗೆ ಅಕ್ಕೂರಿಗೆ ಹೋಗಿದ್ದಾಗ ಅಕ್ಕ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೈ ಹಾಕಿದೆ. ಆ ಹೋಲಿಕೆ ಮೊದಲು ಹೇಳಿದ್ದು ಯಾರು, ನಾನು ತಾನೇ ಎಂದು ಕೇಳಿದೆ. ಅವಳು ನಕ್ಕಳು.

"ಜ್ವರನೂ ಇಲ್ಲ ಗಿರನೂ ಇಲ್ಲ. ಹುಳ ಜ್ವರಕ್ಕೆ ಕೂತೈತೋ ಸತ್ತೈತೋ ಅಂತ ಗೊತ್ತಾಗ್ದೆ ಇರೋಕೆ ನಾನೇನು ಪ್ಯಾಟೆಯೋಳಾ? ಅದು ನಿಂತೋಗೈತೆ ಅಂತ ನಂಗೆ ಅವತ್ತು ಆಗ್ಲೇ ಗೊತ್ತಾಯ್ತು."

"ಮತ್ತೆ ಎಲ್ಲರಿಗೂ ಜ್ವರ ಅಂದೆ?"

"ಏನಾರಾ ಹೇಳ್ಬೇಕಲ್ಲ. ಜ್ವರ ಅಂದ್ರೆ ನಗ್ತಾ ಕಾಯ್ತಾರೆ. ಕೆಟ್ಟೋಗೈತೆ ಅಂದಿದ್ರೆ ಮೈದ್ನ ಎದ್ದು ಬತ್ತಿದ್ದ. ನೀನು ಬರೋಗಂಟ ತಡೀಬೇಕಿತ್ತು."

ಹಾಗಾದರೆ ಅವಳು ಹೋಲಿಕೆಯನ್ನು ನಂಬಿ ಕೂತಿರಲಿಲ್ಲ. ನನ್ನನ್ನು ನಂಬಿ ಕೂತಿದ್ದಳು. ನಾನು ಇಷ್ಟು ವರ್ಷ ಹೇಳುತ್ತಾ ಬಂದ ಕಥೆಯಲ್ಲಿ ಅವಳೊಬ್ಬ ಮುಗ್ಧ ಹೆಂಗಸು. ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಹಿಡಿದುಕೊಂಡೇ ಕೇಳಿದೆ.

"ಯಾವ ಟ್ರೇ ಯಾರದು ಅಂತ ನಿನಗೆ ಬಾಯಲ್ಲೇ ಇತ್ತಲ್ಲಕ್ಕ. ಕಂಪ್ಯೂಟರು ಬಿಟ್ಟು ಕೊಟ್ಟುಬಿಡಬಹುದಿತ್ತಲ್ಲ?"

"ಬಾಯಲ್ಲಿತ್ತು." ಅವಳು ಮೊರದಲ್ಲಿ ಕಾಳು ಸರಿಸಿದಳು. "ಮೊದ್ಲು ಬರೆಸಿದ್ದು ನಮ್ ತವರಿನ ಕಡೆಯೋರು. ಮೊದ್ಲನೇ ಟ್ರೇ ಅವ್ರದ್ದೇ. ಚೀಟಿ ಇಲ್ದೆ ಅದನ್ನ ಎತ್ತಿಕೊಟ್ಟಿದ್ರೆ, ಅಷ್ಟು ಜನದ ಮುಂದೆ?"

ಕೈಯಲ್ಲಿದ್ದ ಕಾಯಿಯನ್ನು ಸುಲಿದು ಕಾಳನ್ನು ಮೊರಕ್ಕೆ ಹಾಕಿದೆ.

"ನಿನ್ನ ಮೈದುನ ಇಷ್ಟು ವರ್ಷ ಕಣ್ಣಂದಾಜಲ್ಲೇ ಕೊಟ್ಟನಲ್ಲ," ಎಂದೆ. "ಅವನನ್ನ ಯಾರೂ ಚೀಟಿ ಕೇಳಲಿಲ್ವಾ?"

"ಅವನ್ನ ಯಾಕ್ಲಾ ಕೇಳ್ತಾರೆ," ಎಂದು ಅಕ್ಕ ಸಿಪ್ಪೆಯನ್ನು ಸೆರಗಿಗೆ ಗೋರಿಕೊಂಡು ಎದ್ದು, ಕುರಿಗಳಿಗೆ ಹಾಕಲು ಹೋದಳು.