ನನ್ನ ಮೇಲೆ ಕೇಸಿಲ್ಲವೆಂಬ ಕಾಗದ

ಎಪ್ಪತ್ತರ ದಶಕದ ಕೊನೆಯಲ್ಲಿ ಮಾನ್ವಿಯ ಕಚೇರಿಯೊಂದರಲ್ಲಿ ನನಗೆ ಗುಮಾಸ್ತನ ನೌಕರಿ ಸಿಕ್ಕಿತು. ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವನು ನಾನೊಬ್ಬನೇ. ಆದರೆ ನನ್ನ ಮೇಲೆ ಯಾವ ಕೇಸೂ ಇಲ್ಲವೆಂಬ ಪೊಲೀಸರ ಕಾಗದವನ್ನು ಹದಿನೈದು ದಿನದೊಳಗೆ ತರಬೇಕು. ಇಲ್ಲದಿದ್ದರೆ ನೌಕರಿ ಇನ್ನೊಬ್ಬರಿಗೆ. ರಾಯಚೂರಿಗೆ ಹೋಗಿ ಅರ್ಜಿ, ಫೋಟೊ, ಅಂಕಪಟ್ಟಿಯ ನಕಲು ಕೊಟ್ಟೆ. ಅದು ವಿಚಾರಣೆಗೆಂದು ನಮ್ಮೂರು ಸೇರಿದ ದೇವದುರ್ಗದ ಠಾಣೆಗೆ ಹೋಯಿತು. ಹನ್ನೆರಡನೆಯ ದಿನ ಠಾಣೆಗೆ ಹೋದರೆ ಜಮಾದಾರರು ವರದಿ ಓದಿದರು: "ಈ ಹೆಸರಿನ ಮನುಷ್ಯ ಊರಲ್ಲಿ ಇಲ್ಲ."

"ನಿಮ್ಮ ಮುಂದ ನಿಂತೀನಲ್ರೀ ಸಾಹೇಬ್ರ!"

"ನನಗ ಕಾಣಾಕತ್ತದ. ನಿಮ್ಮೂರವ್ರಿಗೆ ಕಾಣಂಗಿಲ್ಲಂತ."

ಸಿಟ್ಟಿನಲ್ಲಿ ಅರಕೇರಾದ ಬಸ್ಸು ಹತ್ತಿ ಊರಿಗೆ ಹೋದೆ. ಕಟ್ಟೆಯ ಮೇಲಿದ್ದ ಕಾಕಾ ಮೀಸೆ ತಿರುವಿದ.

"ಪೊಲೀಸ ನಿನ್ನ ಕೇಳ್ಕೋಂತ ಬಂದಿದ್ದ. ಹಿಡಕೊಂಡು ಹೋಗಾಕ ಬಂದಾನಂತ ತಿಳದು, ಅಂಥವ ನಮ್ಮೂರಾಗ ಹುಟ್ಟೇ ಇಲ್ಲಂದ್ವಿ."

ಮನೆಗೆ ಓಡಿದೆ. "ಯವ್ವಾ, ನೀನೂ ಹಂಗ ಅಂದಿ?"

"ನನಗ ಮಕ್ಕಳೇ ಇಲ್ಲಂತ ದೇವ್ರ ಮ್ಯಾಲ ಆಣಿ ಮಾಡೀನಿ," ಎಂದಳು ಅವ್ವ, ಹೆಮ್ಮೆಯಿಂದ.

ಅದು ನೌಕರಿಯ ವಿಚಾರಣೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಮರುದಿನ ಅವಳನ್ನೇ ಠಾಣೆಗೆ ಕರೆದೊಯ್ದೆ.

"ಇವ ನಿನ್ನ ಮಗ ಏನವ್ವಾ?" ಜಮಾದಾರರು ಕೇಳಿದರು.

ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನೌಕರಿ ಕೊಡೋದು ಖರೇ ಏನ್ರೀ? ಮೊದ್ಲು ಅದನ್ನ ಹೇಳ್ರಿ. ಮಗ ಹೌದೋ ಅಲ್ಲೋ ಆಮ್ಯಾಲ ಹೇಳ್ತೀನಿ."

ಜಮಾದಾರರು ಖರೇ ಎಂದ ಮೇಲೆಯೇ, ನಾನು ಅವಳ ಮಗನೆಂಬ ಹೇಳಿಕೆಗೆ ಅವಳು ಹೆಬ್ಬೆಟ್ಟು ಒತ್ತಿದಳು.